ಮಲೆನಾಡಿಗೆ ಬಾಕ್ಸ್‌ಸ್ಟರೋ, ಜೆಡ್4 ಕಾರೋ?

ಕಡಿಮೆ ಓಡಿರುವ ಪೋರ್ಷೆ ಬಾಕ್ಸ್‌ಸ್ಟರ್ 987 ಕೊಳ್ಳುವುದೋ, ಬಿಎಂಡಬ್ಲ್ಯು ಜೆಡ್4 ಇ89 ಕೊಳ್ಳುವುದೋ ಎಂದು ಚಿಕ್ಕಮಗಳೂರಿನ ಸ್ನೇಹಿತರೊಬ್ಬರು ಕೇಳಿದ್ದಾರೆ. ಎರಡೂ ಚಾವಣಿ ತೆರೆಯುವ, ಇಬ್ಬರೇ ಕೂರುವ ಸ್ಪೋರ್ಟ್ಸ್ ಕಾರುಗಳು; 987, ಇ89 ಎಂಬುವು ಆಯಾ ಕಾರಿನ ತಲೆಮಾರಿನ ಸಂಕೇತಗಳು. ನಮ್ಮಲ್ಲಿ ಮೊದಲ ಪ್ರಶ್ನೆ ಮಳೆಯದೇ. ಬಾಕ್ಸ್‌ಸ್ಟರಿನ ಚಾವಣಿ ಬಟ್ಟೆಯದು. ಆಷಾಢದಲ್ಲಿ ವಾರಗಟ್ಟಲೆ ಶೆಡ್ಡಿನಲ್ಲೇ ನಿಂತರೆ ಹೊಲಿಗೆಯ ಸಾಲಿನಲ್ಲಿ ಬೂಷ್ಟು ಹಿಡಿಯುತ್ತದೆ, ಸಿಲ್ವರ್ ಮರದ ಎಲೆ ಬಿದ್ದು ನೀರಿಳಿಯುವ ಕೊಳವೆ ಕಟ್ಟಿಕೊಂಡರೆ ಕಾರ್ಪೆಟ್ಟಿಗೂ ನೀರು ಇಳಿಯಬಹುದು. ಜೆಡ್4 ಕಾರಿಗೆ ಮಡಚುವ ಲೋಹದ ಚಾವಣಿಯಿದೆ; ತೆರೆದಿಟ್ಟಾಗ ಮಾತ್ರ 310 ಲೀಟರಿನ ಡಿಕ್ಕಿ 180ಕ್ಕೆ ಇಳಿಯುತ್ತದೆ, ಚಾವಣಿ ಮಡಚುವ ಹೈಡ್ರಾಲಿಕ್ ವ್ಯವಸ್ಥೆ ಕೆಟ್ಟರೆ ರಿಪೇರಿಯೂ ದುಬಾರಿ.

ಎಂಜಿನ್ ವಿಷಯದಲ್ಲಿ ವರ್ಷವೇ ನಿರ್ಣಾಯಕ. 2008ರವರೆಗಿನ 987ರಲ್ಲಿ, ಎಂಜಿನ್ನಿನೊಳಗೆ ಕವಾಟಗಳ ಚಾಲನೆಗಾಗಿ ತಿರುಗುವ ಮಧ್ಯಂತರ ಶಾಫ್ಟಿನ ಬೇರಿಂಗ್ ಸೋತರೆ ಎಂಜಿನ್ನೇ ಹೋಗಬಹುದು. 2009ರ ಪರಿಷ್ಕೃತ ಎಂಜಿನ್ನಿನಲ್ಲಿ ಆ ಶಾಫ್ಟೇ ಇಲ್ಲ, ಆದ್ದರಿಂದ ನಾನು ಅದಕ್ಕಿಂತ ಹಳೆಯದನ್ನು ಹುಡುಕಲಾರೆ. ಜೆಡ್4ರ 35ಐ ಮಾದರಿಯಲ್ಲಿ, ಕೆಡುವುದಕ್ಕೆ ಹೆಸರಾದ ಅಧಿಕ ಒತ್ತಡದ ಇಂಧನ ಪಂಪು ಬದಲಾಗಿದೆಯೇ ಎಂದು ಕೇಳಿ.

ಚಾರ್ಮಾಡಿಯ ತಿರುವುಗಳ ಸುಖಕ್ಕಾಗಿಯೇ ಕೊಳ್ಳುವವರಿಗೆ, ಎಂಜಿನ್ ನಡುವಿನಲ್ಲಿರುವ ಬಾಕ್ಸ್‌ಸ್ಟರ್ ಒಪ್ಪುತ್ತದೆ. ಮಳೆಗಾಲದಲ್ಲೂ ಹೊರತೆಗೆಯುವವರಿಗೆ ಜೆಡ್4 ಒಳ್ಳೆಯದು. ಯಾವುದಾದರೂ ಸರಿ, ಮೀಟರ್ ನೋಡಿ ಮರುಳಾಗದೆ ಟೈರಿನ ಪಕ್ಕದ ನಾಲ್ಕಂಕಿ ಓದಿ: 1214 ಎಂದಿದ್ದರೆ ಅದು 2014ರ 12ನೇ ವಾರದ ಟೈರು, ಟ್ರೆಡ್ಡು ಸವೆಯದಿದ್ದರೂ ರಬ್ಬರು ಗಟ್ಟಿಯಾಗಿರುತ್ತದೆ, ನಾಲ್ಕನ್ನೂ ಬದಲಿಸುವ ಖರ್ಚನ್ನು ಬೆಲೆಯಲ್ಲೇ ಕಳೆಯಿರಿ.