ಗಾಜಿನ ಟೀಪಾಯಿ, ಮಲ್ಪೆ ಗಾಳಿ

ಹೋದ ವರ್ಷ ಮಾರ್ಚ್‌ನಲ್ಲಿ ಮಂಗಳೂರಿನ ಒಂದು ಅಂಗಡಿಯಿಂದ ಗಾಜಿನ ಟೀಪಾಯಿ ತಂದೆ. 42,000 ರೂಪಾಯಿ. ಬಿಲ್ ನೋಡಿ ಅಮ್ಮ ಎರಡು ದಿನ ಮಾತಾಡಲಿಲ್ಲ. ಇಂಥದ್ದು 12 ಮಾತ್ರ ಮಾಡಿದ್ದಾರಂತೆ. ಸ್ಟೀಲ್ ಕಾಲಿನ ಒಳಬದಿಯಲ್ಲಿ 4/12 ಅಂತ ಕೊರೆದಿದ್ದಾರೆ. ಇದರಲ್ಲಿ ನಂಬರಿಗೆಷ್ಟು, ಟೀಪಾಯಿಗೆಷ್ಟು ಅಂತ ಆವತ್ತೇ ಕೇಳಬೇಕಿತ್ತು.

ಮೇಲಿರುವುದು ಡೈಕ್ರೋಯಿಕ್ ಗಾಜು. ಎರಡು ಹಾಳೆಗಳ ನಡುವೆ ತೀರಾ ತೆಳು ಪದರಗಳ ಒಂದು ಫಿಲ್ಮ್, ಅಷ್ಟೇ. ಬಣ್ಣ ಬಳಿದಿಲ್ಲ. ಬೆಳಕಿನ ಒಂದು ಪಾಲನ್ನು ಆ ಪದರಗಳು ವಾಪಸ್ ಕಳಿಸುತ್ತವೆ, ಉಳಿದದ್ದನ್ನು ಆಚೆ ಬಿಡುತ್ತವೆ. ಹಾಗಾಗಿ ಗಾಜಿನ ಮೇಲೆ ನೀಲಿ, ಕೆಳಗೆ ಬೀಳುವ ಬೆಳಕು ಹಳದಿ. ಮಲ್ಪೆ ಬಂದರಿನ ನೀರಿನ ಮೇಲೆ ಡೀಸೆಲ್ ಪಸೆ ಹೊಳೆಯುತ್ತದಲ್ವಾ, ಅದೂ ಇದೇ ಆಟ.

ನಮ್ಮದು ಹಳೇ ಮನೆ, ಕೆಂಪು ರೆಡಾಕ್ಸೈಡ್ ನೆಲ. ಹಳದಿ ಬೆಳಕು ಅದರಲ್ಲಿ ಮುಳುಗಿಯೇ ಹೋಯಿತು. ಮೊದಲ ವಾರ ಸುಮ್ನೆ ದುಡ್ಡು ಹಾಳು ಅನಿಸಿತ್ತು. ಆಮೇಲೆ ಮೂಡು ಕಿಟಕಿಯ ಪಕ್ಕಕ್ಕೆ, ಬಿಳಿ ಗೋಡೆಯ ಎದುರು ಸರಿಸಿದೆ. ಬೆಳಿಗ್ಗೆ 8ರ ಬಿಸಿಲು ಗಾಜಿಗೆ ತಾಗಿ ಗೋಡೆ ಮೇಲೆ ಒಂದು ನೇರಳೆ ಪಟ್ಟಿ ಬೀಳುತ್ತದೆ. ಬಿಸಿಲು ಏರಿದಂತೆ ಪಟ್ಟಿಯೂ ಗೋಡೆ ಹತ್ತುತ್ತದೆ, ಹತ್ತುತ್ತಾ ನೀಲಿಯಾಗುತ್ತದೆ. ಅಮ್ಮ ಈಗ ಕಾಫಿ ಕುಡಿಯುವುದು ಅಲ್ಲೇ. ನಾನೇನೂ ಹೇಳಲು ಹೋಗಿಲ್ಲ.

ಎಲ್ಲೂ ಸ್ಕ್ರೂ ಇಲ್ಲ. ಅಲ್ಟ್ರಾವಯಲೆಟ್ ಬೆಳಕಿನಲ್ಲಿ ಗಟ್ಟಿಯಾಗುವ ಅಂಟು. ಜಪಾನಿನ ಶಿರೋ ಕುರಾಮಾತಾ 1976ರಲ್ಲೇ ಬರೀ ಗಾಜಿನ ಹಾಳೆಗಳನ್ನು ಅಂಟಿಸಿ ಕುರ್ಚಿ ಮಾಡಿದ್ದರು. ಅಂಗಡಿಯವರು ಅದರ ಫೋಟೋ ತೋರಿಸಿಯೇ ನನ್ನನ್ನು ಒಪ್ಪಿಸಿದ್ದು. ನಮ್ಮ ಬಡಗಿ ಆಚಾರ್ರು ಬಗ್ಗಿ ಅಡಿ ನೋಡಿ, "ಎಂತ ಮಾರಾಯ್ರೆ, ಇದು ಬರೀ ಗಮ್ಮಿನಲ್ಲಿ ನಿಂತದ್ದಾ?" ಅಂದರು. ನಿಂತಿದೆ. ಇಡೀ ಮಳೆಗಾಲ ಕಳೆದರೂ ಅಲುಗಾಡಿಲ್ಲ.

ಕೈಕೊಟ್ಟದ್ದು ಕಾಲುಗಳು. "ಸ್ಟೀಲ್ ಸರ್, ತುಕ್ಕು ಹಿಡಿಯೂದಿಲ್ಲ" ಅಂದಿದ್ದರು. ಆಗಸ್ಟ್ ಹೊತ್ತಿಗೆ ಚಾ ಸಿಡಿದ ಹಾಗೆ ಕಂದು ಚುಕ್ಕಿಗಳು. ಒಂದಂತೂ ಸರಿಯಾಗಿ ಆ 4ರ ಪಕ್ಕದಲ್ಲೇ! ವಿಚಾರಿಸಿದರೆ ಸ್ಟೇನ್‌ಲೆಸ್ ಸ್ಟೀಲಿನಲ್ಲಿ 304 ಅನ್ನುವ ಗ್ರೇಡ್. ಕಡಲ ಪಕ್ಕದ ಮನೆಗೆ 316 ಬೇಕು. ಅದರಲ್ಲಿ ಶೇ. 2ರಿಂದ 3ರಷ್ಟು ಮಾಲಿಬ್ಡಿನಂ ಅನ್ನುವ ಲೋಹ ಇರುತ್ತದೆ, ಉಪ್ಪಿನ ಗಾಳಿಯನ್ನು ಜಾಸ್ತಿ ತಡೆಯುತ್ತದೆ. ಮಂಗಳೂರಿನಲ್ಲೇ ಕೂತು ಮಾರುವವರಿಗೆ ಇದು ಗೊತ್ತಿರಬೇಡವಾ? ಫೋನ್ ಮಾಡಿದರೆ, "ಕಳಿಸಿ, ಪಾಲಿಶ್ ಮಾಡಿ ಕೊಡ್ತೇವೆ, ಸಾಗಾಟದ ಖರ್ಚು ನಿಮ್ಮದು" ಅಂದರು. ಕಳಿಸಲಿಲ್ಲ. ಪ್ರತಿ ಭಾನುವಾರ ಸಿಹಿನೀರಲ್ಲಿ ಒರೆಸಿ, ಒಣಬಟ್ಟೆಯಲ್ಲಿ ತಿಕ್ಕುತ್ತೇನೆ. ಹೊಸ ಚುಕ್ಕಿ ಬಂದಿಲ್ಲ.

ಮೋಡದ ದಿನ ಇದು ಮಂಕು ಗಾಜು, ಅಷ್ಟೇ. ಗೋಳಿಬಜೆ ತಿಂದ ಕೈ ತಾಗಿದರೆ ಅಚ್ಚು ಎದ್ದು ಕಾಣುತ್ತದೆ.

ಬೆಂಗಳೂರಿನವರು ಧೈರ್ಯವಾಗಿ ತಗೊಳ್ಳಬಹುದು. ನಮ್ಮ ಕಡೆಯವರು ಮೊದಲು 316ರ ಕಾಲು ಮಾಡಿ ಕೊಡ್ತೀರಾ ಅಂತ ಕೇಳಿ. ಹೂಂ ಅಂದರೆ ಬಿಲ್ಲಿನಲ್ಲೇ ಬರೆಸಿಕೊಳ್ಳಿ.