ಮೂರು ಕೀಲಿಮಣೆ, ಒಂದೇ ಕನ್ನಡ

ಗಣಕದಲ್ಲಿ ಕನ್ನಡ ಬರೆಯಲು ನಾನು ಇನ್‌ಸ್ಕ್ರಿಪ್ಟ್, ನುಡಿ ತಂತ್ರಾಂಶದಿಂದ ಮನೆಮಾತಾದ ಕೆ.ಪಿ. ರಾವ್ ವಿನ್ಯಾಸ ಮತ್ತು ಇಂಗ್ಲಿಷ್ ಅಕ್ಷರಗಳನ್ನು ಕನ್ನಡಕ್ಕೆ ತಿರುಗಿಸುವ ಲಿಪ್ಯಂತರಣ, ಈ ಮೂರನ್ನೂ ಬಳಸಿ ನೋಡಿದ್ದೇನೆ. ಮೂಡುವ ಅಕ್ಷರ ಒಂದೇ ಆದರೂ, ಬರೆಯಲು ಕುಳಿತವರು ಯಾರೆಂಬ ಊಹೆ ಮೂರರಲ್ಲೂ ಬೇರೆಬೇರೆ.

ಕೇಂದ್ರದ ಇಲೆಕ್ಟ್ರಾನಿಕ್ಸ್ ಇಲಾಖೆ 1986ರಲ್ಲಿ ರೂಪಿಸಿದ ಇನ್‌ಸ್ಕ್ರಿಪ್ಟ್‌ಗೆ ಇಂಗ್ಲಿಷಿನ ಹಂಗಿಲ್ಲ. ವರ್ಣಮಾಲೆ ಗೊತ್ತಿದ್ದರೆ ಸಾಕು. ಸ್ವರಗಳು ಎಡಗೈಗೆ, ಬಹುಪಾಲು ವ್ಯಂಜನಗಳು ಬಲಗೈಗೆ. 'ಕ'ದ ಕೀಲಿಯನ್ನೇ ಶಿಫ್ಟ್ ಜೊತೆ ಒತ್ತಿದರೆ 'ಖ'. ಹಿಂದಿ, ತೆಲುಗು, ಮಲಯಾಳಂಗಳಿಗೂ ಇದೇ ಏರ್ಪಾಡು. ಆದರೆ ಇದನ್ನು ಹೊಸೆದವರ ಕಣ್ಣೆದುರು ಮೊದಲು ಇದ್ದದ್ದು ದೇವನಾಗರಿಯೇ ಎಂದು ಬೆರಳುಗಳು ಬೇಗ ಹೇಳುತ್ತವೆ. ಹಿಂದಿಯ ಬರಹಕ್ಕೆ ಬೇಕಾದ ದೀರ್ಘ ಏತ್ವ, ಓತ್ವಗಳು ನಡುಸಾಲಿನಲ್ಲಿ ಸುಖವಾಗಿ ಕುಳಿತಿದ್ದರೆ, ಅದಕ್ಕೆ ಬೇಡವಾದ ಹ್ರಸ್ವ ಎತ್ವ ಕೆಳಸಾಲಿನ ಝಡ್ ಕೀಲಿಗೂ ಒತ್ವ ಎಡಗಡೆಯ ಮೇಲ್ಮೂಲೆಗೂ ಸರಿದಿವೆ. 'ಮನೆ', 'ಕೊಡು', 'ಹೊಲ' ಎಂದು ದಿನವಿಡೀ ಬರೆಯುವ ಕನ್ನಡಿಗರ ಕಿರುಬೆರಳು ಇದರ ದಂಡ ತೆರುತ್ತದೆ.

ಕೆ.ಪಿ. ರಾವ್ ವಿನ್ಯಾಸವು ಇಂಗ್ಲಿಷ್ ಕೀಲಿಮಣೆ ಬಲ್ಲ ಕನ್ನಡಿಗರನ್ನು ಎದುರಿಟ್ಟುಕೊಂಡದ್ದು. 'ಕರ್ನಾಟಕ' ಬರೆಯಲು ಕೆ, ಆರ್, ಎಫ್, ಎನ್, ಶಿಫ್ಟ್ ಜೊತೆ ಎ, ಕ್ಯೂ, ಕೆ: ಒಟ್ಟು 7 ಕೀಲಿ. ಇನ್‌ಸ್ಕ್ರಿಪ್ಟ್‌ನಲ್ಲೂ 7 ಕೀಲಿಗಳೇ ಆದ್ದರಿಂದ ಎಣಿಕೆಯಲ್ಲಿ ಯಾವುದೂ ಗೆಲ್ಲುವುದಿಲ್ಲ. ಒತ್ತಕ್ಷರ ಕೂಡಿಸುವ ಎಫ್ ಎಡ ತೋರುಬೆರಳಿನ ಕೆಳಗೇ ಇರುವುದು, ವ್ಯಂಜನದ ನಂತರ ಒತ್ತಿದ ಸ್ವರ ತಾನಾಗಿ ಗುಣಿತವಾಗುವುದು ನನಗೆ ಬಹಳ ಹಿಡಿಸಿತು. 'ತ'ಕಾರಕ್ಕೆ ಟಿ ಹೋದದ್ದರಿಂದ 'ಟ', 'ಡ'ಗಳು ಕ್ಯೂ, ಡಬ್ಲ್ಯುಗಳಲ್ಲಿ ನೆಲೆಸಿವೆ. ಇದಕ್ಕೆ ತರ್ಕವಿಲ್ಲ, ಉರು ಹೊಡೆಯಲೇಬೇಕು.

ಲಿಪ್ಯಂತರಣಕ್ಕೆ ಕಲಿಕೆಯೇ ಬೇಡ. ಆದರೆ ಫೋನಿನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ 'bele' ಎಂದು ಬರೆದಾಗ ನನ್ನ ಮನಸ್ಸಿನಲ್ಲಿರುವುದು ಬೆಲೆಯೋ ಬೆಳೆಯೋ ಬೇಳೆಯೋ ಎಂಬುದು ಅದಕ್ಕೆ ತಿಳಿಯುವ ಬಗೆಯಿಲ್ಲ. ಅದು ಮುಂದಿಡುವ ಪಟ್ಟಿಯಿಂದ ಆರಿಸುತ್ತಾ ಹೋಗುವಾಗ ವಾಕ್ಯದ ಎಳೆ ತಪ್ಪುತ್ತದೆ. ಪಟ್ಟಿಯಲ್ಲಿಲ್ಲದ ಊರಮಾತನ್ನು ಬಿಟ್ಟು, ಇರುವ ಶಿಷ್ಟಪದವನ್ನೇ ಒಪ್ಪಿಕೊಳ್ಳುವ ಸೋಮಾರಿತನವೂ ಅಂಟಿಕೊಳ್ಳುತ್ತದೆ.

ನಾಲ್ಕು ಸಾಲಿನ ಸಂದೇಶಕ್ಕೆ ಅದು ಸಾಕು. ಲೇಖನಕ್ಕೆ ನಾನು ಕೆ.ಪಿ. ರಾವ್ ವಿನ್ಯಾಸವನ್ನೇ ಆರಿಸುತ್ತೇನೆ. ಇಂಗ್ಲಿಷ್ ಅಭ್ಯಾಸವಿಲ್ಲದೆ ಹೊಸದಾಗಿ ಬೆರಳಚ್ಚು ಕಲಿಯುವವರಿಗೆ, ಎರಡು ಮೂರು ಭಾರತೀಯ ಲಿಪಿಗಳಲ್ಲಿ ಬರೆಯಬೇಕಾದವರಿಗೆ ಮಾತ್ರ, ಕಿರುಬೆರಳಿನ ನೋವನ್ನು ಮೊದಲೇ ತಿಳಿಸಿ, ಇನ್‌ಸ್ಕ್ರಿಪ್ಟ್ ಹೇಳುತ್ತೇನೆ.