ರೈಜನ್ 5800ಎಕ್ಸ್ ಓವರ್‌ಕ್ಲಾಕ್: ಮೂರು ದಾರಿಯಲ್ಲಿ ನನಗೆ ಉಳಿದದ್ದು ಒಂದು

ಲಿಕ್ವಿಡ್ ಕೂಲರ್ ಕೊಂಡದ್ದು ತಪ್ಪಾಯಿತು. ಎಎಂಡಿಯ ರೈಜನ್ 7 5800ಎಕ್ಸ್ ಪ್ರೊಸೆಸರನ್ನು ಓವರ್‌ಕ್ಲಾಕ್ ಮಾಡಲೇಬೇಕೆಂದು, ಅಂದರೆ ನಿಗದಿಗಿಂತ ಜೋರಾಗಿ ಓಡಿಸಲೇಬೇಕೆಂದು ಹಠ ಹಿಡಿದು, ಚೆನ್ನಾಗಿಯೇ ಇದ್ದ ಏರ್ ಕೂಲರ್ ಕಳಚಿ 240 ಮಿ.ಮೀ. ರೇಡಿಯೇಟರ್ ಕೂರಿಸಿದೆ. ಕೊನೆಗೆ ನನಗೆ ಒಗ್ಗಿದ್ದು ವೋಲ್ಟೇಜ್ ಇಳಿಸುವ ದಾರಿ, ಅಂದರೆ ಪಿಬಿಒ (ಪ್ರೊಸೆಸರ್ ತಾನಾಗಿ ವೇಗ ಏರಿಸಿಕೊಳ್ಳುವ ಮಿತಿಯನ್ನು ಸಡಿಲಿಸುವ ಸೆಟ್ಟಿಂಗ್) ಜೊತೆಗೆ ಕರ್ವ್ ಆಪ್ಟಿಮೈಸರ್ (ಪ್ರೊಸೆಸರಿನೊಳಗಿನ ಒಂದೊಂದು ಕೋರಿನ ವೋಲ್ಟೇಜ್ ಹೊಂದಿಸುವ ಸೆಟ್ಟಿಂಗ್). ಅದಕ್ಕೆ ಹಳೇ ಕೂಲರೇ ಸಾಕಿತ್ತು.

ಮದರ್‌ಬೋರ್ಡಿನ ಆಟೋ ಓವರ್‌ಕ್ಲಾಕ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬಟನ್ ಒತ್ತಿದ್ದಕ್ಕೆ ಎಲ್ಲ ಕೋರ್‌ಗೂ 1.4 ವೋಲ್ಟ್ ಕೊಟ್ಟು ಕೂತಿತ್ತು. ಅವತ್ತೇ ತೆಗೆದೆ.

ಎರಡನೆಯದು ಹಳೇ ಪದ್ಧತಿ. ಮಲ್ಟಿಪ್ಲೈಯರ್ 46 (ಅಂದರೆ 4.6 ಗಿಗಾಹರ್ಟ್ಸ್), ವೋಲ್ಟೇಜ್ 1.3, ಎರಡೂ ಫಿಕ್ಸ್. ಪ್ರೊಸೆಸರಿಗೆ ಪೂರ್ತಿ ಭಾರ ಹಾಕುವ ಪ್ರೈಮ್95 ತಂತ್ರಾಂಶದ ಸ್ಮಾಲ್ ಎಫ್‌ಎಫ್‌ಟಿ ಪರೀಕ್ಷೆ ಹಚ್ಚಿದ ಕೆಲವೇ ನಿಮಿಷಕ್ಕೆ ತಾಪಮಾನ 89 ಡಿಗ್ರಿ. ಈ ಚಿಪ್ಪಿನ ಮಿತಿ 90. ವೋಲ್ಟೇಜಿನ ವರ್ಗಕ್ಕೆ (ಸ್ಕ್ವೇರ್) ತಕ್ಕಂತೆ ವಿದ್ಯುತ್ ಖರ್ಚು ಏರುತ್ತದೆ, 1.2ರಿಂದ 1.3ಕ್ಕೆ ಹೋದರೆ ಅಷ್ಟರಿಂದಲೇ ಶೇ. 17ರಷ್ಟು ಜಾಸ್ತಿ. ಆ ಶಾಖವೆಲ್ಲ ಸುಮಾರು 80 ಚದರ ಮಿ.ಮೀ. ಜಾಗದಿಂದ ಹೊರಬರಬೇಕು. ರೇಡಿಯೇಟರ್ ಎಷ್ಟೇ ದೊಡ್ಡದಿರಲಿ, ಇಕ್ಕಟ್ಟು ಇರುವುದು ಅಲ್ಲಿ. ಲಿಕ್ವಿಡ್ ಕೂಲರಿನಿಂದ ನನಗೆ ಇಳಿದದ್ದು ನಾಲ್ಕೈದು ಡಿಗ್ರಿ ಅಷ್ಟೇ. ಇನ್ನೊಂದು ನಷ್ಟವೂ ಆಯಿತು. ಮೊದಲು ಒಂಟಿ ಕೋರ್ ತಾನಾಗಿಯೇ 4.8 ಗಿಗಾಹರ್ಟ್ಸ್ ಮುಟ್ಟುತ್ತಿತ್ತು, ಈಗ 4.6ಕ್ಕೇ ನಿಂತಿತು. ವಿಡಿಯೊ ರೆಂಡರ್ ಬೇಗ ಮುಗಿಯಿತು, ಬ್ರೌಸರ್ ನಿಧಾನವಾಯಿತು.

ಹೊಸ ಪ್ರೊಸೆಸರನ್ನು ಹೆಚ್ಚು ವೋಲ್ಟೇಜಿನಲ್ಲಿ ಎರಡು ಮೂರು ದಿನ ಕಾಯಿಸಿ 'ಪಳಗಿಸಿದರೆ' ಆಮೇಲೆ ಇನ್ನೂ ಜೋರಾಗಿ ಓಡುತ್ತದೆ ಎನ್ನುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಕಾರ್ಖಾನೆಯಲ್ಲಿ ಬರ್ನ್-ಇನ್ ಮಾಡುವುದು ದುರ್ಬಲ ಚಿಪ್‌ಗಳು ಅಲ್ಲೇ ಕೆಟ್ಟುಹೋಗಲಿ, ಗಿರಾಕಿಯ ಕೈಗೆ ಬರದಿರಲಿ ಎಂದು. ಅದರಿಂದ ಒಳ್ಳೆಯ ಚಿಪ್ಪಿಗೆ ಹೊಸ ಬಲ ಬರುವುದಿಲ್ಲ. ಶಾಖ ಮತ್ತು ವೋಲ್ಟೇಜ್ ಸೇರಿದರೆ ಚಿಪ್ ಸವೆಯುತ್ತದೆ; ದಿನ ಕಳೆದಂತೆ ಅದೇ ವೇಗಕ್ಕೆ ಇನ್ನಷ್ಟು ವೋಲ್ಟೇಜ್ ಕೇಳುತ್ತದೆ. ದೀರ್ಘ ಪರೀಕ್ಷೆ ಇರುವುದು ತಪ್ಪು ಹುಡುಕುವುದಕ್ಕೆ ಮಾತ್ರ.

ಇನ್ನು ಕರ್ವ್ ಆಪ್ಟಿಮೈಸರ್. ಎಲ್ಲ ಕೋರ್‌ಗೂ ಮೈನಸ್ 20 ಹಾಕಿದೆ. ಒಂದೊಂದು ಹೆಜ್ಜೆಗೆ 3ರಿಂದ 5 ಮಿಲಿವೋಲ್ಟ್ ಇಳಿಯುತ್ತದೆ. ಪವರ್ ಮಿತಿ 142 ವ್ಯಾಟ್‌ನಲ್ಲೇ ಬಿಟ್ಟೆ. ಎಲ್ಲ ಕೋರ್ ದುಡಿಯುವಾಗ ವೇಗ ಹೆಚ್ಚುಕಡಿಮೆ ಆ 4.6ರ ಹತ್ತಿರಕ್ಕೇ ಬಂತು, ಒಂಟಿ ಕೋರ್ 4.85 ಮುಟ್ಟಿತು. ಪ್ರೈಮ್95 ರಾತ್ರಿಯಿಡೀ ಒಂದೂ ತಪ್ಪಿಲ್ಲದೆ ಓಡಿತು. ಕೆಲಸ ಮುಗಿಯಿತು ಅಂದುಕೊಂಡೆ.

ಮೂರನೇ ದಿನ ಒಂದು ಪತ್ರ ಟೈಪ್ ಮಾಡುತ್ತಿದ್ದೆ. ಪರದೆ ಕಪ್ಪಾಗಿ ಕಂಪ್ಯೂಟರ್ ತಾನೇ ರೀಸ್ಟಾರ್ಟ್ ಆಯಿತು. ನೀಲಿ ಪರದೆ ಇಲ್ಲ, ಎಚ್ಚರಿಕೆ ಇಲ್ಲ. ಮರುದಿನ ಊಟಕ್ಕೆ ಎದ್ದುಹೋಗಿ ಬರುವಷ್ಟರಲ್ಲಿ ಮತ್ತೆ ಅದೇ. ಭಾರ ಹಾಕಿದರೆ ಗಟ್ಟಿ, ಸುಮ್ಮನೆ ಬಿಟ್ಟರೆ ಬೀಳುತ್ತದೆ! ಪವರ್ ಸಪ್ಲೈ ಮೇಲೆ ಅನುಮಾನ ಬಂದು ಕೇಬಲ್ಲೆಲ್ಲ ಬಿಚ್ಚಿ ಹಾಕಿದೆ, ರ‍್ಯಾಮ್ ಒಂದೊಂದೇ ತೆಗೆದು ನೋಡಿದೆ, ರ‍್ಯಾಮ್ ವೇಗ ಹೆಚ್ಚಿಸುವ ಎಕ್ಸ್‌ಎಂಪಿ ಆಫ್ ಮಾಡಿದೆ. ಒಂದು ವಾರ ಹೋಯಿತು.

ಕೊನೆಗೆ ವಿಂಡೋಸಿನ ಇವೆಂಟ್ ವ್ಯೂಯರ್ ತೆರೆದೆ. ಪ್ರತಿ ರೀಸ್ಟಾರ್ಟಿಗೂ ಒಂದು 'ವೀಯಾ ಲಾಗರ್' (ಹಾರ್ಡ್‌ವೇರ್ ದೋಷದ) ದಾಖಲೆ, ಇವೆಂಟ್ ನಂಬರ್ 18. ಅದರೊಳಗೆ ಎಪಿಐಸಿ ಐಡಿ (ದೋಷ ಕಂಡ ಥ್ರೆಡ್ಡಿನ ಸಂಖ್ಯೆ) ಕೆಲವು ಸಲ 6, ಕೆಲವು ಸಲ 7. ಒಂದು ಕೋರಿಗೆ ಎರಡು ಥ್ರೆಡ್, ಎಣಿಕೆ ಸೊನ್ನೆಯಿಂದ. ಹಾಗಾಗಿ ಎರಡೂ 3ನೇ ಕೋರಿನವೇ. ರೈಜನ್ ಮಾಸ್ಟರ್‌ನಲ್ಲಿ ನೋಡಿದರೆ ಅತ್ಯುತ್ತಮ ಕೋರಿಗೆ ಕೊಡುವ ಚಿನ್ನದ ನಕ್ಷತ್ರ ಇದ್ದದ್ದೂ ಆ ಕೋರಿಗೇ!

ಎಲ್ಲ ಕೋರ್ ಒಟ್ಟಿಗೆ ದುಡಿಯುವಾಗ ಯಾವುದೂ ತುದಿ ವೇಗಕ್ಕೆ ಹೋಗುವುದಿಲ್ಲ. ಹಗುರ ಕೆಲಸವನ್ನು ವಿಂಡೋಸ್ ಅತ್ಯುತ್ತಮ ಕೋರಿಗೇ ಕೊಡುತ್ತದೆ, ಅದು ಕ್ಷಣಮಾತ್ರ 4.85ಕ್ಕೆ ಜಿಗಿಯುತ್ತದೆ. ಒಳ್ಳೆಯ ಕೋರ್ ಎಂದೇ ಅದಕ್ಕೆ ಮೊದಲೇ ಕಡಿಮೆ ವೋಲ್ಟೇಜ್. ನಾನು ಇನ್ನೂ ಇಳಿಸಿದ್ದೆ. ಪ್ರೈಮ್95 ಆ ಜಾಗವನ್ನು ಮುಟ್ಟಿಯೇ ಇರಲಿಲ್ಲ.

ಆಮೇಲೆ ಕೋರ್‌ಸೈಕ್ಲರ್ ಹಾಕಿದೆ. ಅದು ಒಂದು ಸಲಕ್ಕೆ ಒಂದೇ ಕೋರನ್ನು ಪರೀಕ್ಷಿಸುತ್ತದೆ. 3ನೇ ಕೋರ್ ಬೇಗನೆ ಸಿಕ್ಕಿಬಿತ್ತು. ಅದಕ್ಕೆ ಮೈನಸ್ 5, ಉಳಿದವಕ್ಕೆ ಮೈನಸ್ 20 ಇಟ್ಟು ಎರಡು ರಾತ್ರಿ ಓಡಿಸಿದೆ. ಆಮೇಲೆ ರೀಸ್ಟಾರ್ಟ್ ಆಗಿಲ್ಲ.

ದಿನವಿಡೀ ರೆಂಡರ್ ಮಾಡುವವರು ಫಿಕ್ಸ್ ವೇಗ ಇಟ್ಟುಕೊಳ್ಳಲಿ, ಕೂಲರಿಗೂ ದುಡ್ಡು ಹಾಕಲಿ. ನನ್ನದು ಟೈಪಿಂಗ್, ಬ್ರೌಸರ್, ವಾರಕ್ಕೊಂದು ವಿಡಿಯೊ; ಆ ದುಡ್ಡಿನಲ್ಲಿ ರ‍್ಯಾಮ್ ಹೆಚ್ಚಿಸಬಹುದಿತ್ತು. ಪಿಬಿಒ ಕೂಡ ವಾರಂಟಿಯ ಆಚೆಗಿನದೇ, ಅದು ಗೊತ್ತಿರಲಿ. ಬಯೋಸ್ ಅಪ್‌ಡೇಟ್ ಮಾಡಿದರೆ ಈ ಅಂಕಿಗಳು ಅಳಿಸಿಹೋಗಬಹುದು, ಹಾಗಾಗಿ ಎಂಟೂ ಕೋರಿನ ಅಂಕಿ ಬರೆದ ಚೀಟಿಯನ್ನು ಕ್ಯಾಬಿನೆಟ್ಟಿನ ಒಳಬದಿಗೆ ಅಂಟಿಸಿದ್ದೇನೆ.